ಗಾಜಿನ ಬುರುಡೆಯ ಗುಟ್ಟನ್ನರಿತವನು

ನಮ್ಮ ಹಿರಿಯರ ಮನೆಗಳಲ್ಲಿ ವಾಲ್ವ್ ರೇಡಿಯೋ ಇದ್ದ ಕಾಲದಲ್ಲಿ ಗುಂಡಿಯನ್ನು ತಿರುಗಿಸಿದೊಡನೆ ಹಾಡು ಕೇಳಿಸುತ್ತಿರಲಿಲ್ಲ. ಒಳಗಿನ ಗಾಜಿನ ಬುರುಡೆಗಳು ಮೆಲ್ಲಮೆಲ್ಲನೆ ಕೆಂಪಾಗಿ, ಕಾದು, ಹದಕ್ಕೆ ಬರುವವರೆಗೆ ಮನೆಮಂದಿಯೆಲ್ಲ ತಾಳ್ಮೆಯಿಂದ ಕುಳಿತಿರಬೇಕಾಗಿತ್ತು. ಆ ಬುರುಡೆಯೊಳಗೆ ನಡೆಯುವುದಾದರೂ ಏನೆಂದು ಕೇಳಿದವರು ವಿರಳ. ವಿಚಿತ್ರವೆಂದರೆ, ಅದನ್ನು ಮೊದಲು ನಿರ್ಮಿಸಿದವನಿಗೂ ಅದು ಸರಿಯಾಗಿ ತಿಳಿದಿರಲಿಲ್ಲ. ತಿಳಿದುಕೊಂಡವನು ಇನ್ನೂ ಪದವಿಯನ್ನು ಮುಗಿಸದಿದ್ದ ಒಬ್ಬ ವಿದ್ಯಾರ್ಥಿ: ಎಡ್ವಿನ್ ಹೊವಾರ್ಡ್ ಆರ್ಮ್‌ಸ್ಟ್ರಾಂಗ್.

ಆತ ಹುಟ್ಟಿದ್ದು 1890ರ ಡಿಸೆಂಬರ್ 18ರಂದು, ನ್ಯೂಯಾರ್ಕ್ ನಗರದಲ್ಲಿ. ತಂದೆ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯ ಮುದ್ರಣಾಲಯದ ಅಮೆರಿಕದ ಶಾಖೆಯಲ್ಲಿ ಅಧಿಕಾರಿ. ತಾಯಿ ಮದುವೆಗೆ ಮುಂಚೆ ಶಾಲೆಯಲ್ಲಿ ಉಪಾಧ್ಯಾಯಿನಿ. ಎಳವೆಯಲ್ಲಿ ತಗುಲಿದ ಜ್ವರವೊಂದು ಹುಡುಗನನ್ನು ಎರಡು ವರ್ಷಗಳ ಕಾಲ ಶಾಲೆಯಿಂದ ದೂರವಿರಿಸಿತು. ಹೆಗಲೂ ಕತ್ತೂ ಅದುರುವ ಒಂದು ಚಾಳಿಯನ್ನು ಬಾಳಿನುದ್ದಕ್ಕೂ ಉಳಿಸಿ ಹೋಯಿತು. ಬಳಿಕ ಸಂಸಾರ ಹಡ್ಸನ್ ನದಿಯ ದಂಡೆಯ ಯಾಂಕರ್ಸ್ ಎಂಬ ಊರಿಗೆ ಬಂದು ನೆಲಸಿತು. ಅಲ್ಲಿನ ಮನೆಯ ಅಟ್ಟವೇ ಅವನ ಗುರುಕುಲ. ಹದಿನಾಲ್ಕರ ಹರೆಯದಲ್ಲಿ ಮಾರ್ಕೋನಿಯ ಸಾಧನೆಯನ್ನು ಓದಿ, ತಾನೂ ಆವಿಷ್ಕಾರಕನಾಗಬೇಕೆಂದು ನಿಶ್ಚಯಿಸಿದ. ಹಿತ್ತಿಲಿನಲ್ಲಿ 125 ಅಡಿ ಎತ್ತರದ ಕಂಬವನ್ನು ನಿಲ್ಲಿಸಿ, ದೂರದ ನಿಸ್ತಂತು ಸಂಜ್ಞೆಗಳಿಗೆ ಕಿವಿಗೊಟ್ಟು ಇರುಳುಗಳನ್ನು ಕಳೆದ.

ಆಗಿನ ರೇಡಿಯೋ ಗ್ರಾಹಕಕ್ಕೆ ಸ್ವಂತ ಬಲವಿರಲಿಲ್ಲ. ಗಾಳಿಯಿಂದ ಬಂದಷ್ಟೇ ಶಕ್ತಿ ಕಿವಿಗೆ. ಅದಕ್ಕೆ ಒಂದು ಎಳ್ಳಿನಷ್ಟನ್ನೂ ಕೂಡಿಸುವ ಉಪಾಯ ಯಾರಿಗೂ ತೋಚಿರಲಿಲ್ಲ. 1904ರಲ್ಲಿ ಇಂಗ್ಲೆಂಡಿನ ಫ್ಲೆಮಿಂಗ್, ಕಾದ ತಂತು ಒಂದು, ಎದುರಿಗೆ ಲೋಹದ ಫಲಕ ಒಂದು ಇರುವ ಬುರುಡೆಯನ್ನು ರಚಿಸಿದ್ದ. ಕಾದ ತಂತುವಿನಿಂದ ಹೊರಟ ಎಲೆಕ್ಟ್ರಾನುಗಳು ಫಲಕದ ಕಡೆಗೆ ಮಾತ್ರ ಹರಿಯುತ್ತಿದ್ದುವು, ಹಿಂದಕ್ಕಿಲ್ಲ. 1906ರ ಸುಮಾರಿಗೆ ಅಮೆರಿಕದ ಲೀ ಡಿ ಫಾರೆಸ್ಟ್ ಅವೆರಡರ ನಡುವೆ ತಂತಿಯ ಜಾಲರಿಯೊಂದನ್ನು ಇರಿಸಿ, ಅದಕ್ಕೆ ಆಡಿಯನ್ ಎಂಬ ಹೆಸರಿಟ್ಟ. ಅದೊಂದು ಮಹತ್ತಾದ ಹೆಜ್ಜೆ. ಅದನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಆದರೆ ಬುರುಡೆಯಲ್ಲಿ ಉಳಿದ ಅನಿಲವೇ ಅದರ ಕೆಲಸಕ್ಕೆ ಕಾರಣವೆಂದು ಅವನು ನಂಬಿದ್ದ. ನಿಜಕ್ಕೆ ಅನಿಲವು ಅಡ್ಡಿಯೇ ಹೊರತು ಸಹಾಯವಲ್ಲ.

1909ರಲ್ಲಿ ಆರ್ಮ್‌ಸ್ಟ್ರಾಂಗ್ ಕೊಲಂಬಿಯಾ ವಿಶ್ವವಿದ್ಯಾನಿಲಯಕ್ಕೆ ಸೇರಿದ. ಯಾಂಕರ್ಸಿನಿಂದ ಕೆಂಪು ಬಣ್ಣದ ಮೋಟಾರು ಸೈಕಲ್ಲಿನ ಮೇಲೆ ಬರುತ್ತಿದ್ದ ಈ ವಿದ್ಯಾರ್ಥಿ, ಪುಸ್ತಕದಲ್ಲಿ ಬರೆದುದೆಂಬ ಒಂದೇ ಕಾರಣದಿಂದ ಯಾವುದನ್ನೂ ಒಪ್ಪದವನೆಂದು ಕೆಲವು ಅಧ್ಯಾಪಕರಿಗೆ ತಲೆನೋವಾಗಿದ್ದ. ಇಂಥ ವಿದ್ಯಾರ್ಥಿ ತರಗತಿಯಲ್ಲಿದ್ದರೆ ಪಾಠ ಹೇಳುವವನ ಪಾಡೇನೆಂಬುದು ನನಗೂ ಅಷ್ಟಿಷ್ಟು ಗೊತ್ತು. ಪುಣ್ಯಕ್ಕೆ ಮೈಕೆಲ್ ಪ್ಯೂಪಿನ್ ಅವನ ಬೆಲೆಯನ್ನು ಕಂಡುಕೊಂಡರು.

ಆಡಿಯನ್ನನ್ನು ಎದುರಿಗಿಟ್ಟುಕೊಂಡು ಆರ್ಮ್‌ಸ್ಟ್ರಾಂಗ್ ಮಾಡಿದ ಮೊದಲ ಕೆಲಸ ಅತಿ ಸರಳವಾದುದು: ಅಳೆಯುವುದು. ಜಾಲರಿಯ ವಿಭವವನ್ನು ಸ್ವಲ್ಪಸ್ವಲ್ಪವಾಗಿ ಬದಲಿಸುತ್ತ ಹೋದರೆ ಫಲಕದ ಪ್ರವಾಹ ಎಷ್ಟೆಷ್ಟು ಬದಲಾಗುತ್ತದೆಂದು ಗುರುತಿಸಿ, ಆ ಬಿಂದುಗಳನ್ನು ಕೂಡಿಸಿ ರೇಖೆಯನ್ನೆಳೆದ. ಜಾಲರಿ ಋಣವಾದಷ್ಟೂ ಎಲೆಕ್ಟ್ರಾನುಗಳ ಹಾದಿ ಕಟ್ಟಿ ಪ್ರವಾಹ ಕುಗ್ಗುವುದು. ಋಣ ತಗ್ಗಿದರೆ ಹಿಗ್ಗುವುದು. ಹೊಳೆಗೆ ಕಟ್ಟಿದ ತೂಬಿನ ಬಾಗಿಲನ್ನು ಎಳೆಯುವ ಕೈಗೆ ಹೊಳೆಯಷ್ಟು ಬಲ ಬೇಕಿಲ್ಲವಷ್ಟೆ! ಹೊಳೆಯ ಬಲ ಬೇರೆಯೇ, ಅದು ಫಲಕಕ್ಕೆ ಸೇರಿಸಿದ ಬ್ಯಾಟರಿಯದು. ರೇಖೆಯ ನೇರವಾದ ಏರಿನಲ್ಲಿ ಬುರುಡೆಯನ್ನು ನಿಲ್ಲಿಸಿದರೆ ಬಂದ ಸಂಜ್ಞೆ ರೂಪಗೆಡದೆ ದೊಡ್ಡದಾಗುತ್ತದೆ; ಬಾಗಿದ ಕಡೆ ನಿಲ್ಲಿಸಿದರೆ ಅಲೆಯ ಒಂದು ಮಗ್ಗುಲು ಸೊರಗಿ ಸಂಜ್ಞೆ ಬೇರ್ಪಡುತ್ತದೆ. ವರ್ಧಕ, ಶೋಧಕ ಎರಡರ ಗುಟ್ಟೂ ಆ ಒಂದು ರೇಖೆಯಲ್ಲಿತ್ತು. ಇಂದಿಗೂ ವಾಲ್ವ್ ವರ್ಧಕವನ್ನು ಕಟ್ಟಲು ಹೊರಟ ಹೊಸಬನ ಮೊದಲ ಪಾಠ ಅದೇ ಬಗೆಯ ರೇಖೆಗಳನ್ನು ಓದುವುದು. ಜಾಲರಿಯನ್ನು ರೇಖೆಯ ಯಾವ ತಾಣದಲ್ಲಿ ನಿಲ್ಲಿಸಬೇಕೆಂದು ನಿರ್ಣಯಿಸುವುದು ಎರಡನೆಯ ಪಾಠ.

ಅಳೆಯುತ್ತಿದ್ದಾಗ ಒಂದು ಸೋಜಿಗ ಕಂಡಿತು. ಫಲಕದ ಮಂಡಲದಲ್ಲಿ ನೇರ ಪ್ರವಾಹ ಮಾತ್ರವಲ್ಲ, ಗಾಳಿಯಿಂದ ಬಂದ ವೇಗದ ಅಲೆಯ ಪ್ರತಿರೂಪವೂ ಇತ್ತು. ಇದ್ದರೆ ಅದನ್ನು ಮರಳಿ ಜಾಲರಿಗೇ ಏಕೆ ಕೊಡಬಾರದು? ಮರಳಿದುದು ಮತ್ತೆ ದೊಡ್ಡದಾಗಿ ಬರುವುದು, ಮತ್ತೆ ಮರಳುವುದು. 1912ರ ಸೆಪ್ಟೆಂಬರಿನ ಒಂದು ರಾತ್ರಿ ಅಟ್ಟದಲ್ಲಿ ಇದನ್ನು ಜೋಡಿಸಿದಾಗ ಕೇಳಿಯೂ ಕೇಳದಂತಿದ್ದ ಸಂಜ್ಞೆಗಳು ಕೋಣೆ ತುಂಬುವಂತೆ ಮೊಳಗಿದುವು. ಅವನು ಸಂತೋಷ ತಾಳಲಾರದೆ ಮಲಗಿದ್ದ ತಂಗಿಯನ್ನು ಎಬ್ಬಿಸಿದ. ಮರಳಿಸುವುದು ಒಂದು ಮಿತಿಯನ್ನು ಮೀರಿದರೆ ಬುರುಡೆ ತಾನಾಗಿಯೇ ಆಂದೋಲನಗೊಂಡು ಅಲೆಗಳನ್ನು ಹುಟ್ಟಿಸುತ್ತದೆಂಬುದೂ ತಿಳಿಯಿತು. ಕೇಳುವ ಯಂತ್ರವೇ ಹೇಳುವ ಯಂತ್ರವೂ ಆಗಬಲ್ಲದು!

ಪೇಟೆಂಟಿಗೆ ಹಣ ಬೇಕು. ಮೊದಲು ಪದವಿ, ಆಮೇಲೆ ಹಣ ಎಂದು ತಂದೆ ಕಡ್ಡಿ ಮುರಿದಂತೆ ನುಡಿದುಬಿಟ್ಟ. ಸೋದರಮಾವನೊಬ್ಬನ ಸಲಹೆಯಂತೆ ಮಂಡಲದ ಚಿತ್ರವನ್ನು ಬರೆದು 1913ರ ಜನವರಿ 31ರಂದು ನೋಟರಿಯ ಮುದ್ರೆ ಹಾಕಿಸಿದ. ಆ ತಾರೀಖನ್ನು ವಾಚಕರು ನೆನಪಿನಲ್ಲಿಡಬೇಕು. ಅದೇ ವರ್ಷ ಪದವಿ, ಅಕ್ಟೋಬರಿನಲ್ಲಿ ಅರ್ಜಿ. 1914ರಲ್ಲಿ ಪೇಟೆಂಟು ದೊರೆಯಿತು. ಆ ವರ್ಷದ ಡಿಸೆಂಬರಿನಲ್ಲಿ ಅವನು ಪ್ರಕಟಿಸಿದ ಲೇಖನದಿಂದ ಆಡಿಯನ್ನಿನ ನಡೆವಳಿಕೆ ರೇಖೆಗಳ ಮೂಲಕ ಜಗತ್ತಿಗೆ ಸ್ಪಷ್ಟವಾಯಿತು. ಡಿ ಫಾರೆಸ್ಟನಿಗೆ ಅದು ಹಿಡಿಸಲಿಲ್ಲ. ಪುನರ್ಜನನವೆಂಬ ಈ ತಂತ್ರ ತನ್ನದೇ, 1912ರ ಆಗಸ್ಟಿನಲ್ಲಿಯೇ ತನ್ನ ವರ್ಧಕದಿಂದ ಊಳಿಡುವ ಸದ್ದು ಬಂದುದು ಸಹಾಯಕನ ಟಿಪ್ಪಣಿ ಪುಸ್ತಕದಲ್ಲಿದೆ ಎಂಬುದು ಅವನ ವಾದ. ಸದ್ದು ಬಂದುದು ನಿಜ. ಆದರೆ ಅಂದು ಅದು ನಿವಾರಿಸಬೇಕಾದ ಪೀಡೆಯಾಗಿ ತೋರಿತ್ತು.

ನಡುವೆ ಯುದ್ಧ. ಪ್ಯಾರಿಸಿನಲ್ಲಿ ಸೈನ್ಯದ ಅಧಿಕಾರಿಯಾಗಿದ್ದಾಗ, 1918ರಲ್ಲಿ, ಅವನು ಸೂಪರ್‌ಹೆಟರೊಡೈನ್ ಗ್ರಾಹಕವನ್ನು ರೂಪಿಸಿದ. ಅತಿ ವೇಗದ ಅಲೆಗಳನ್ನು ಅಂದಿನ ಬುರುಡೆಗಳು ಸರಿಯಾಗಿ ವರ್ಧಿಸಲಾರವು. ಹಾಗಾದರೆ ಅವನ್ನು ಮೊದಲು ಒಂದೇ ನಿಶ್ಚಿತವಾದ ಕೆಳ ಆವರ್ತಕ್ಕೆ ಇಳಿಸಿ, ಅಲ್ಲಿ ನಿರಾಯಾಸವಾಗಿ ವರ್ಧಿಸೋಣವೆಂಬುದು ಅವನ ಯುಕ್ತಿ. ಕನ್ನಡನಾಡಿನ ಮನೆಗಳಲ್ಲಿ ಮುಂದೆ ಹಾಡಿದ ವಾಲ್ವ್ ರೇಡಿಯೋಗಳು ಬಹುಮಟ್ಟಿಗೆ ಇದೇ ಜಾತಿಯವು. ಇದರಿಂದ ಹಣ ಬಂತು, ಕೀರ್ತಿ ಬಂತು. ಆರ್.ಸಿ.ಎ. ಸಂಸ್ಥೆಯ ಡೇವಿಡ್ ಸಾರ್ನಾಫ್ ಗೆಳೆಯನಾದ. ಸಾರ್ನಾಫನ ಕಾರ್ಯದರ್ಶಿನಿ ಮ್ಯಾರಿಯನ್ 1923ರಲ್ಲಿ ಆರ್ಮ್‌ಸ್ಟ್ರಾಂಗನ ಹೆಂಡತಿಯಾದಳು. ಕೈಯಲ್ಲಿ ಹೊತ್ತೊಯ್ಯಬಹುದಾದ ಸೂಪರ್‌ಹೆಟರೊಡೈನ್ ರೇಡಿಯೋ ಅವಳಿಗೆ ಮದುವೆಯ ಉಡುಗೊರೆ.

ಮೊಕದ್ದಮೆ ಮಾತ್ರ ಮುಗಿಯಲಿಲ್ಲ. ಮೊದಲ ತೀರ್ಪುಗಳು ಆರ್ಮ್‌ಸ್ಟ್ರಾಂಗನ ಪರವಾಗಿದ್ದುವು. ಗೆದ್ದ ಉತ್ಸಾಹದಲ್ಲಿ ಅವನು ಪೇಟೆಂಟಿನ ಅಂಕಿಯನ್ನು ಬರೆದ ಬಾವುಟವನ್ನು ಯಾಂಕರ್ಸಿನ ಕಂಬಕ್ಕೇರಿಸಿದನಂತೆ, ಡಿ ಫಾರೆಸ್ಟನ ಕಣ್ಣಿಗೆ ಬೀಳಲೆಂದು. ಖರ್ಚಿನ ಹಣವನ್ನು ಮನ್ನಿಸಿದ್ದರೆ ವ್ಯಾಜ್ಯ ಅಲ್ಲಿಗೇ ಕೊನೆಗೊಳ್ಳಬಹುದಿತ್ತು, ಮನ್ನಿಸಲಿಲ್ಲ. ಇದು ಅವನ ತಪ್ಪೆಂದೇ ನನ್ನ ಎಣಿಕೆ. ಎದುರಾಳಿ ಬೇರೊಂದು ಬಾಗಿಲನ್ನು ತಟ್ಟಿದ. 1928ರಲ್ಲಿ ಒಮ್ಮೆ, 1934ರಲ್ಲಿ ಮತ್ತೊಮ್ಮೆ ಸರ್ವೋಚ್ಚ ನ್ಯಾಯಾಲಯ ಡಿ ಫಾರೆಸ್ಟನ ಪರವಾಗಿ ನಿಂತಿತು. ಎರಡನೆಯ ತೀರ್ಪನ್ನು ಬರೆದವರು ಕಾರ್ಡೋಜೊ, ನ್ಯಾಯಶಾಸ್ತ್ರದಲ್ಲಿ ಧುರೀಣರು. ಆದರೆ ಆ ವಿವರಣೆಯನ್ನು ಎಂಜಿನಿಯರುಗಳು ಒಪ್ಪಲಿಲ್ಲ. ಅದೇ ವರ್ಷ ಫಿಲಡೆಲ್ಫಿಯಾದಲ್ಲಿ ರೇಡಿಯೋ ಎಂಜಿನಿಯರುಗಳ ಸಮ್ಮೇಳನ ಸೇರಿದಾಗ, ಹಿಂದೆ ಪುನರ್ಜನನಕ್ಕಾಗಿ ಪಡೆದಿದ್ದ ಗೌರವ ಪದಕವನ್ನು ಹಿಂದಿರುಗಿಸಲು ಆರ್ಮ್‌ಸ್ಟ್ರಾಂಗ್ ಮುಂದಾದ. ಅವರು ಅದನ್ನು ಕೊಳ್ಳಲಿಲ್ಲ. ಪದಕ ಅವನದೇ ಎಂದು ಮತ್ತೊಮ್ಮೆ ಸಾರಿದರು.

ಅಷ್ಟರಲ್ಲಿ ಅವನ ಮನಸ್ಸು ಇನ್ನೊಂದರ ಬೆನ್ನು ಹತ್ತಿತ್ತು. ವರ್ಧಕ ಹಾಡನ್ನು ಹಿಗ್ಗಿಸುವಂತೆ ಸಿಡಿಲಿನ ಗೊರಗೊರ ಸದ್ದನ್ನೂ ಹಿಗ್ಗಿಸುತ್ತದೆ. ಅಲೆಯ ಎತ್ತರವನ್ನಲ್ಲದೆ ಅದರ ಆವರ್ತವನ್ನು ಬದಲಿಸಿದರೆ ಪ್ರಯೋಜನವಿಲ್ಲವೆಂದು ಗಣಿತಜ್ಞರು 1922ರಲ್ಲಿಯೇ ತೋರಿಸಿದ್ದರು. ಅವರ ಲೆಕ್ಕ ಇಕ್ಕಟ್ಟಾದ ಪಟ್ಟಿಗೆ ಸರಿ. ಇವನು ಪಟ್ಟಿಯನ್ನು ಅಗಲಿಸಿ, ಮತ್ತೆ ಅಳೆದು ನೋಡಿದ. ಸದ್ದು ಅಡಗಿತು. 1933ರಲ್ಲಿ ಪೇಟೆಂಟು, 1935ರಲ್ಲಿ ಪ್ರದರ್ಶನ. ಇದೇ ಇಂದಿನ ಎಫ್.ಎಂ. ಆದರೆ ಗೆಳೆಯ ಸಾರ್ನಾಫನ ಒಲವು ಟೆಲಿವಿಷನ್ನಿನ ಕಡೆಗೆ. 1945ರಲ್ಲಿ ಸರ್ಕಾರ ಎಫ್.ಎಂ.ನ ಆವರ್ತ ಪಟ್ಟಿಯನ್ನೇ ಮೇಲಕ್ಕೆ ಸರಿಸಿದ್ದರಿಂದ ಇದ್ದ ಗ್ರಾಹಕಗಳು ನಿರುಪಯುಕ್ತವಾದುವು. 1948ರಲ್ಲಿ ಅವನು ಆರ್.ಸಿ.ಎ. ಮೇಲೆ ದಾವೆ ಹೂಡಿದ. ಮತ್ತೆ ವಕೀಲರು, ಮತ್ತೆ ವರ್ಷಗಳು. ಸಂಪತ್ತು ಕರಗಿತು, ಸಂಸಾರದ ಸುಖವೂ ಕೆಟ್ಟಿತು. 1953ರ ನವೆಂಬರಿನಲ್ಲಿ ಕೋಪದ ಭರದಲ್ಲಿ ಹೆಂಡತಿಯ ಮೇಲೆಯೇ ಕೈಮಾಡಿದ. ಅವಳು ಸೋದರಿಯ ಮನೆಗೆ ಹೊರಟುಹೋದಳು.

1954ರ ಜನವರಿ 31ರ ರಾತ್ರಿ, ನೋಟರಿಯ ಮುದ್ರೆ ಬಿದ್ದ ದಿನದಿಂದ ಸರಿಯಾಗಿ ನಲವತ್ತೊಂದು ವರ್ಷ ತುಂಬಿದಂದು, ಮ್ಯಾರಿಯನ್ನಳಲ್ಲಿ ಕ್ಷಮೆ ಬೇಡುವ ಪತ್ರವೊಂದನ್ನು ಬರೆದಿಟ್ಟು, ಆರ್ಮ್‌ಸ್ಟ್ರಾಂಗ್ ತನ್ನ ಜೀವವನ್ನು ತಾನೇ ನೀಗಿಕೊಂಡ.

ಆರ್.ಸಿ.ಎ. ಅದೇ ವರ್ಷ ಸುಮಾರು ಹತ್ತು ಲಕ್ಷ ಡಾಲರು ಕೊಟ್ಟು ರಾಜಿಯಾಯಿತು. ಉಳಿದ ಸಂಸ್ಥೆಗಳ ಮೇಲಿನ ದಾವೆಗಳನ್ನು ಮ್ಯಾರಿಯನ್ ಒಂದೊಂದಾಗಿ ನಡೆಸಿದಳು. ಕೊನೆಯದು ಗೆದ್ದದ್ದು 1967ರಲ್ಲಿ.