ಗೇಯಾರ್ಗ್ ಎಬರ್ಹಾರ್ಡ್ ರುಂಫಿಯಸ್

ಗೇಯಾರ್ಗ್ ಎಬರ್ಹಾರ್ಡ್ ರುಂಫಿಯಸ್ (1627 – 15 ಜೂನ್ 1702) ಜರ್ಮನಿಯಲ್ಲಿ ಜನಿಸಿ, ಡಚ್ ಈಸ್ಟ್ ಇಂಡಿಯಾ ಕಂಪನಿಯ ಸೇವೆಯಲ್ಲಿದ್ದ ನಿಸರ್ಗ ವಿಜ್ಞಾನಿ. ಇಂದಿನ ಇಂಡೋನೇಷ್ಯಾಕ್ಕೆ ಸೇರಿದ ಅಂಬೋನ್ ದ್ವೀಪ ಇವರ ಕಾರ್ಯಕ್ಷೇತ್ರ. ಉಷ್ಣವಲಯದ ಕಡಲ ಶಂಖ ಹಾಗೂ ಕವಡೆಗಳನ್ನು ಚಿಪ್ಪಿನ ಲಕ್ಷಣಗಳಿಂದ ಬೇರ್ಪಡಿಸಿ ವಿವರಿಸಿದ ಮೊದಲಿಗರಲ್ಲಿ ಇವರು ಪ್ರಮುಖರು. ತಮ್ಮ ಜೀವನದ ಕೊನೆಯ 32 ವರ್ಷಗಳನ್ನು ಇವರು ಅಂಧರಾಗಿ ಕಳೆದರು.

ಜೀವನ

ರುಂಫಿಯಸ್ ಹಾನಾವ್ ಪಟ್ಟಣದಲ್ಲಿ ಬೆಳೆದರು. 1652ರ ಕೊನೆಯಲ್ಲಿ ಕಂಪನಿಯ ಸೈನಿಕರಾಗಿ ಯೂರೋಪಿನಿಂದ ಹೊರಟು, 1653ರಲ್ಲಿ ಬಟೇವಿಯಾವನ್ನೂ (ಇಂದಿನ ಜಕಾರ್ತಾ) ಮರುವರ್ಷ ಅಂಬೋನನ್ನೂ ತಲುಪಿದರು. ಮುಂದೆ ಸೈನಿಕ ವೃತ್ತಿಯನ್ನು ತೊರೆದು ಕಂಪನಿಯ ವ್ಯಾಪಾರ ವಿಭಾಗವನ್ನು ಸೇರಿದರು. ದ್ವೀಪದ ಸಸ್ಯಗಳನ್ನೂ ಕಡಲ ಜೀವಿಗಳನ್ನೂ ಸಂಗ್ರಹಿಸಿ ವಿವರಿಸುವ ಕೆಲಸವನ್ನು ಅಲ್ಲಿಯೇ ಕೈಗೊಂಡರು.

1670ರಲ್ಲಿ ಇವರ ದೃಷ್ಟಿ ನಷ್ಟವಾಯಿತು. 1674ರ ಫೆಬ್ರವರಿ 17ರಂದು ಸಂಭವಿಸಿದ ಭೂಕಂಪದಲ್ಲಿ ಪತ್ನಿ ಸುಸಾನಾ ಮತ್ತು ಮಗಳು ಮೃತಪಟ್ಟರು. 1682ರಲ್ಲಿ ತಮ್ಮ ಚಿಪ್ಪುಗಳ ಸಂಗ್ರಹವನ್ನು ಟಸ್ಕನಿಯ ಮಹಾದೊರೆ ಮೂರನೆಯ ಕೋಸಿಮೊನಿಗೆ ಮಾರಿದರು. 1687ರ ಅಗ್ನಿ ಅನಾಹುತದಲ್ಲಿ ಇವರ ಗ್ರಂಥಾಲಯವೂ ಸಸ್ಯಚಿತ್ರಗಳೂ ಸುಟ್ಟುಹೋದವು. ಸಸ್ಯಗ್ರಂಥದ ಹಸ್ತಪ್ರತಿಯನ್ನು ಒಯ್ಯುತ್ತಿದ್ದ ಹಡಗನ್ನು 1692ರಲ್ಲಿ ಫ್ರೆಂಚರು ಮುಳುಗಿಸಿದರು. ಗವರ್ನರ್ ಜನರಲ್ ಕಾಂಪ್‌ಹಾಯ್ಸ್ ಮೊದಲೇ ಮಾಡಿಸಿದ್ದ ನಕಲಿನಿಂದ ಆ ಗ್ರಂಥ ಉಳಿಯಿತು. ಲಿಪಿಕಾರರ ಮತ್ತು ಚಿತ್ರಕಾರರ ನೆರವಿನಿಂದ ಇವರು ಕೆಲಸವನ್ನು ಮುಂದುವರಿಸಿದರು.

ಚಿಪ್ಪುಗಳ ವಿವರಣೆ

ರುಂಫಿಯಸ್ ಶಂಖಗಳನ್ನು ಆಕಾರಕ್ಕೆ ಅನುಗುಣವಾಗಿ ಗುಂಪುಗಳಾಗಿ ವಿಂಗಡಿಸಿದರು. ಇಂದಿಗೂ ಶಂಖದ ಗುರುತಿಸುವಿಕೆಯಲ್ಲಿ ಸುರುಳಿಗಳ ಎತ್ತರ, ಬಾಯಿಯ ಆಕಾರ, ತುಟಿಯ ಹಲ್ಲುಗಳು, ಮುಳ್ಳು ಹಾಗೂ ಗೀರುಗಳು ಮುಖ್ಯವಾಗಿವೆ. ನುಣುಪಾದ ಮೈ ಮತ್ತು ಎರಡೂ ಅಂಚುಗಳಲ್ಲಿ ಹಲ್ಲುಗಳಿರುವ ಕಿರಿದಾದ ಸೀಳುಬಾಯಿ ಕವಡೆಯ ಲಕ್ಷಣ. ತಲೆಕೆಳಗಾದ ಶಂಕುವಿನ ಆಕಾರ ಮತ್ತು ನೀಳವಾದ ಬಾಯಿ ಕೋನಸ್ ಕುಲದ ಗುರುತು. ಮ್ಯೂರೆಕ್ಸ್ ಕುಲದ ಹಲವು ಪ್ರಭೇದಗಳಲ್ಲಿ ಮುಳ್ಳುಗಳೂ ಉದ್ದನೆಯ ನಾಳವೂ ಕಾಣುತ್ತವೆ. ಬಣ್ಣವು ಒಂದೇ ಪ್ರಭೇದದಲ್ಲೂ ಬದಲಾಗಬಹುದಾದ್ದರಿಂದ ಅದೊಂದನ್ನೇ ನೆಚ್ಚಲಾಗದು.

ಚಿಪ್ಪಿನ ವರ್ಣನೆಗಷ್ಟೇ ಸೀಮಿತರಾಗದೆ, ಜೀವಿಯ ವಾಸಸ್ಥಾನ, ಸ್ಥಳೀಯ ಹೆಸರುಗಳು ಮತ್ತು ಉಪಯೋಗಗಳನ್ನೂ ಇವರು ದಾಖಲಿಸಿದರು. ಬಂಡಾ ದ್ವೀಪದಲ್ಲಿ ಕೋನಸ್ ಜೀವಿಯನ್ನು ಕೈಯಲ್ಲಿ ಹಿಡಿದ ಮಹಿಳೆಯೊಬ್ಬಳು ಸತ್ತ ಸಂಗತಿಯನ್ನೂ ಇವರು ಬರೆದಿದ್ದಾರೆ.

ಪ್ರಕಟಣೆ ಮತ್ತು ಪ್ರಭಾವ

ಚಿಪ್ಪುಗಳ ಕುರಿತ ಗ್ರಂಥ 'ಡಿ ಅಂಬೋಯಿನ್ಶೆ ರರಿಟೈಟ್‌ಕಾಮರ್' (ಅಂಬೋನಿನ ಅಪೂರ್ವ ವಸ್ತುಗಳ ಕೋಠಿ) ಇವರ ಮರಣಾನಂತರ 1705ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಪ್ರಕಟವಾಯಿತು. ಅದರ ಕೆಲವು ಚಿತ್ರಗಳನ್ನು ನೆದರ್ಲೆಂಡ್ಸ್‌ನ ಸಂಗ್ರಹಗಳಲ್ಲಿದ್ದ ಮಾದರಿಗಳಿಂದ ಬರೆಸಲಾಗಿತ್ತು. ಹೀಗಾಗಿ ವಿವರಣೆಯನ್ನೂ ಚಿತ್ರವನ್ನೂ ಹೋಲಿಸಿ ನೋಡುವುದು ಅವಶ್ಯಕ. ಲಿನೇಯಸ್ 1758ರ ತಮ್ಮ 'ಸಿಸ್ಟೆಮಾ ನ್ಯಾಚುರೇ' ಗ್ರಂಥದಲ್ಲಿ ಅನೇಕ ಶಂಖಗಳಿಗೆ ಹೆಸರಿಡುವಾಗ ರುಂಫಿಯಸ್‌ರ ಚಿತ್ರಗಳನ್ನು ಉಲ್ಲೇಖಿಸಿದ್ದಾರೆ. ಆದುದರಿಂದ ಆ ಹೆಸರುಗಳು ಯಾವ ಶಂಖಕ್ಕೆ ಸಲ್ಲುತ್ತವೆ ಎಂಬುದನ್ನು ನಿರ್ಧರಿಸುವಾಗ ವಿದ್ವಾಂಸರು ಇಂದಿಗೂ ಈ ಗ್ರಂಥವನ್ನು ಪರಿಶೀಲಿಸುತ್ತಾರೆ. ಸಸ್ಯಗಳ ಕುರಿತ 'ಹರ್ಬೇರಿಯಂ ಅಂಬೋಯಿನೆನ್ಸೆ' 1741ರಿಂದ ಸಂಪುಟಗಳಾಗಿ ಹೊರಬಂದಿತು.