ಮಂಜಿನ ಸೀಮೆಯ ವೆಂಕಟಾದ್ರಿ ನಾಯಕ

ವಿಜಯದಶಮಿ ಕಳೆದು ಮಳೆಯು ಹಿಂದೆಗೆದೊಡನೆಯೇ ಬೆಂಗಳೂರು ಮೈಸೂರುಗಳಲ್ಲಿರುವ ನಮ್ಮ ವಾಚಕರಲ್ಲಿ ಅನೇಕರ ಮನಸ್ಸು ಸಕಲೇಶಪುರದ ಕಡೆಗೆ ಹರಿಯುವುದು ವಾಡಿಕೆಯಾಗಿದೆ. ಪಟ್ಟಣದ ಗದ್ದಲಕ್ಕೆ ಬೇಸತ್ತವರು ಆಲೂರಿನ ಗುಡ್ಡಗಳನ್ನು ದಾಟಿ, ಹೇಮಾವತಿಯ ಸೇತುವೆಯನ್ನು ಹಾದು, ಘಟ್ಟದ ಅಂಚಿನ ಅಡವಿಗಳಲ್ಲಿ ಒಂದೆರಡು ದಿನಗಳ ಏಕಾಂತವನ್ನು ಅರಸುತ್ತಾರೆ. ಕಾರ್ತಿಕದಿಂದ ಮಾಘದವರೆಗಿನ ಕಾಲವೇ ಇದಕ್ಕೆ ಪ್ರಶಸ್ತವೆಂಬುದು ಸಾಮಾನ್ಯವಾದ ಅಭಿಪ್ರಾಯ. ಆಗ ಆಕಾಶವು ತಿಳಿಯಾಗಿರುತ್ತದೆ, ಕಾಲುದಾರಿಗಳು ಒಣಗಿರುತ್ತವೆ, ಹಳ್ಳಗಳನ್ನು ಕಲ್ಲಿನಿಂದ ಕಲ್ಲಿಗೆ ಹೆಜ್ಜೆಯಿಟ್ಟು ದಾಟಬಹುದು, ಇಂಬಳಗಳ ಕಾಟವೂ ಇರುವುದಿಲ್ಲ. ನಾವೂ ಬಹುಕಾಲ ಇದೇ ಅಭಿಪ್ರಾಯದವರಾಗಿದ್ದೆವು. ಆದರೆ ಈ ಅಡವಿಗಳ ಕಟ್ಟಕಡೆಯ ಪಾಳೆಯಗಾರನಾದ ವೆಂಕಟಾದ್ರಿ ನಾಯಕನ ಚರಿತ್ರೆಯನ್ನು ತಿಥಿಮಾಸಗಳೊಡನೆ ಹೊಂದಿಸಿ ನೋಡಿದ ಬಳಿಕ, ವಿಹಾರಕ್ಕೆ ಬರುವ ನಮಗೆ ಪ್ರಿಯವಾದ ಋತುವೇ ಆ ಕಾಡಿನ ಒಡೆಯನಿಗೆ ಮೃತ್ಯುವಾಗಿ ಬಂದಿತೆಂಬುದು ನಮಗೆ ಮನವರಿಕೆಯಾಯಿತು.

ಈತನ ಮನೆತನವು ಬಲಂ ಸೀಮೆಯ ನಾಯಕರದು. ವಿಜಯನಗರದ ಅರಸರ ಕಾಲದಲ್ಲಿ, 16ನೆಯ ಶತಮಾನದಲ್ಲಿ, ಬೇಲೂರನ್ನು ಪಡೆದು ಏಳ್ಗೆಗೆ ಬಂದ ಈ ವಂಶವು, ಮುಂದೆ ಮೈಸೂರಿಗೂ ಇಕ್ಕೇರಿಗೂ ನಡುವೆ ಸಿಕ್ಕಿ ಬಹಳವಾಗಿ ಸವೆಯಿತು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, 1690ರಲ್ಲಿ, ಬೇಲೂರು ಮೈಸೂರಿನ ವಶವಾಯಿತು. ಬಯಲು ಹೋದ ಬಳಿಕ ನಾಯಕರಿಗೆ ಉಳಿದದ್ದು ಮಲೆ. ಈಗಿನ ಸಕಲೇಶಪುರ ತಾಲ್ಲೂಕಿನ ನಾಡುಗಳಲ್ಲಿ ಐಗೂರನ್ನು ನೆಲೆಮಾಡಿಕೊಂಡು, ಬಲವುಳ್ಳವರಿಗೆ ಪೊಗದಿಯನ್ನು ಕೊಡುತ್ತ, ಆಗಾಗ ಕೊಡದೆಯೂ ಇರುತ್ತ, ಅವರು ಮತ್ತೊಂದು ಶತಮಾನವನ್ನು ಕಳೆದರು. 1763ರಲ್ಲಿ ಬಿದನೂರನ್ನೇ ನುಂಗಿದ ಹೈದರನು ಕೂಡ ಈ ಚಿಕ್ಕ ಪಾಳೆಯಪಟ್ಟನ್ನು ಕಿತ್ತುಹಾಕದೆ, ಕಪ್ಪವನ್ನು ತೆಗೆದುಕೊಂಡು ತೃಪ್ತನಾದನು. ನಾಯಕರ ಪರಾಕ್ರಮವೊಂದೇ ಇದಕ್ಕೆ ಕಾರಣವೆಂದು ಹೇಳಿದರೆ ಅತಿಶಯೋಕ್ತಿಯಾದೀತು. ಈ ಸೀಮೆಗೆ ದಂಡೆತ್ತಿ ಬರುವವನು ವರ್ಷದಲ್ಲಿ ನಾಲ್ಕೈದು ತಿಂಗಳುಗಳಲ್ಲಿ ಮಾತ್ರವೇ ಬರಲು ಸಾಧ್ಯವಾಗಿತ್ತು. ಬಂದವನು ಮೃಗಶಿರೆಗೆ ಮುಂಚೆ ಹಿಂತಿರುಗಲೇಬೇಕಾಗಿತ್ತು.

ಮಲೆನಾಡಿನ ಮಳೆಯನ್ನು ಕಣ್ಣಾರೆ ಕಾಣದವರಿಗೆ ಈ ಮಾತಿನ ಅರ್ಥವು ಪೂರ್ತಿಯಾಗಿ ಆಗಲಾರದು. ಸಕಲೇಶಪುರದ ಪೇಟೆಯಲ್ಲಿಯೇ ವರ್ಷಕ್ಕೆ ಸುಮಾರು 80 ಅಂಗುಲ ಮಳೆಯಾಗುತ್ತದೆ. ಪಡುವಣಕ್ಕೆ ಹೋದಂತೆಲ್ಲ, ಮಾರನಹಳ್ಳಿ ಬಿಸಿಲೆಗಳ ಕಡೆ, ಅದರ ಎರಡರಷ್ಟಕ್ಕೂ ಮೀರುತ್ತದೆ. ಆರಿದ್ರೆಯಲ್ಲಿ ಹಿಡಿದ ಮಳೆ ಪುನರ್ವಸು ಪುಷ್ಯಗಳಲ್ಲಿ ಬಿಡುವಿಲ್ಲದೆ ಸುರಿದು, ಆಶ್ಲೇಷೆಯಲ್ಲಿ ಹಗಲನ್ನೇ ಅಡಗಿಸಿಬಿಡುತ್ತದೆ. ಹೇಮಾವತಿಯು ದಡ ಮೀರುತ್ತಾಳೆ. ಹಳ್ಳವೆಂಬುದು ಹೊಳೆಯಾಗುತ್ತದೆ, ದಾರಿಯೆಂಬುದು ಹಳ್ಳವಾಗುತ್ತದೆ. ಕಂಬಳಿಯನ್ನೋ ಗೊರಬನ್ನೋ ಹೊದ್ದ ಒಕ್ಕಲಿಗನು ಗದ್ದೆಗೆ ಹೋಗಿಬರುತ್ತಾನೆ. ಆದರೆ ಫಿರಂಗಿಯ ಗಾಡಿ ಹೋಗಲಾರದು, ಎತ್ತಿನ ಹೇರು ಹೋಗಲಾರದು, ಮದ್ದು ಒಣಗಿರಲಾರದು. ಅಂದಿನ ದಿನಗಳಲ್ಲಿ ಈ ಮಳೆಯು ಬಲಂ ಸೀಮೆಗೆ ಒಂದು ಕೋಟೆಯೇ ಆಗಿತ್ತು.

ವೆಂಕಟಾದ್ರಿಯ ತಂದೆ ಕೃಷ್ಣಪ್ಪ ನಾಯಕನು ಮೂರನೆಯ ಮೈಸೂರು ಯುದ್ಧದಲ್ಲಿ ಟೀಪು ಸುಲ್ತಾನನ ಕೈಬಿಟ್ಟು, ಪರಶುರಾಮ ಭಾವೂನ ಮರಾಠಾ ಸೈನ್ಯವನ್ನು ಸೇರಿದನು. ಆ ಸೈನ್ಯವು ಇಂಗ್ಲಿಷರ ಲಾರ್ಡ್ ಕಾರ್ನ್‌ವಾಲಿಸನೊಡನೆ ಕೂಡಿ ಶ್ರೀರಂಗಪಟ್ಟಣದ ಮೇಲೆ ಏರಿಬಂದಿದ್ದಿತು. 1792ರಲ್ಲಿ ಸಂಧಿಯಾದೊಡನೆ, ಸುಲ್ತಾನನ ಕೋಪಕ್ಕೆ ಹೆದರಿ ನಾಯಕನು ಕೊಡಗಿಗೆ ಓಡಿಹೋದನು. ಸುಲ್ತಾನನು ಆತನನ್ನು ಒಡಂಬಡಿಸಿ ಹಿಂದಕ್ಕೆ ಕರೆಸಿದನು. ಐಗೂರು ಸೀಮೆಯನ್ನು ಮಾತ್ರ ಆತನಿಗೆ ಬಿಟ್ಟು, ಮಿಕ್ಕ ನೆಲವನ್ನು ತನ್ನಲ್ಲಿಯೇ ಇರಿಸಿಕೊಂಡನು. ಆ ನೆಲದಲ್ಲಿ, ದೋಣಿಗಲ್ಲಿನ ಹತ್ತಿರ, ಸುಮಾರು 3,240 ಅಡಿ ಎತ್ತರದ ಗುಡ್ಡದ ಮೇಲೆ, ಫ್ರೆಂಚರ ದುರ್ಗವಿಧಾನವನ್ನು ಅನುಸರಿಸಿ ಎಂಟು ಮೂಲೆಗಳ ನಕ್ಷತ್ರಾಕಾರದ ಕೋಟೆಯೊಂದನ್ನು ಕಟ್ಟಿಸಿದನು. ಕೋಟೆಯನ್ನು ನೋಡಲು ಬಂದಾಗ ಗುಡ್ಡವೆಲ್ಲ ಮಂಜಿನಲ್ಲಿ ಮುಳುಗಿದ್ದುದರಿಂದ ಅದಕ್ಕೆ ಮಂಜರಾಬಾದೆಂದು ಹೆಸರಿಟ್ಟನೆಂದು ಪ್ರತೀತಿ. ಕನ್ನಡದ ಮಂಜಿಗೆ ಪಾರಸಿಯ ಬಾಲವನ್ನು ಹಚ್ಚಿದ ಈ ಹೆಸರು ಮುಂದೆ ಇಡೀ ತಾಲ್ಲೂಕಿಗೇ ಬಹುಕಾಲ ನಿಂತಿತು. ಮಂಗಳೂರಿನ ದಾರಿಯನ್ನು ಕಾಯುವುದಕ್ಕೆ ಕಟ್ಟಿದ ಈ ಕೋಟೆಯು ಬಲಂ ನಾಯಕರನ್ನೂ ಕಾಯುತ್ತಿದ್ದಿತೆಂದರೆ ತಪ್ಪಾಗದು.

1799ರ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದು ಸುಲ್ತಾನನು ಮಡಿದನು. ತಂದೆಯ ಸ್ಥಾನದಲ್ಲಿದ್ದ ವೆಂಕಟಾದ್ರಿ ನಾಯಕನು, ಇನ್ನು ಮೇಲೆ ತನಗೆ ಯಾವ ಒಡೆಯನೂ ಇಲ್ಲವೆಂಬಂತೆ ನಡೆಯತೊಡಗಿದನು. ಮೈಸೂರಿನ ಸಿಂಹಾಸನದಲ್ಲಿ ಬಾಲಕರಾದ ಮುಮ್ಮಡಿ ಕೃಷ್ಣರಾಜ ಒಡೆಯರು. ಆಡಳಿತದಲ್ಲಿ ದಿವಾನ್ ಪೂರ್ಣಯ್ಯನವರು. ಸೈನ್ಯದ ಮೇಲೆ ಕಂಪೆನಿಯ ಕರ್ನಲ್ ಆರ್ಥರ್ ವೆಲ್ಲೆಸ್ಲಿ. ಈತನೇ ಮುಂದೆ ಡ್ಯೂಕ್ ಆಫ್ ವೆಲ್ಲಿಂಗ್ಟನ್ನನಾಗಿ, 1815ರಲ್ಲಿ ವಾಟರ್ಲೂ ಕಾಳಗದಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು. ಯೂರೋಪಿನ ಚಕ್ರವರ್ತಿಯನ್ನು ಒಂದೇ ದಿನದಲ್ಲಿ ಗೆದ್ದ ಈ ಸೇನಾನಿಗೆ, ಐಗೂರಿನ ನಾಯಕನನ್ನು ಹಿಡಿಯಲು ಎರಡು ವರ್ಷಗಳಿಗೂ ಹೆಚ್ಚು ಕಾಲ ಬೇಕಾಯಿತು. ಆತನ ಕಾಗದಪತ್ರಗಳಲ್ಲಿ ನಮ್ಮ ನಾಯಕನು ಬಲಂ ರಾಜನೆಂದು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಾನೆ.

ನಾಯಕನ ಬಲವೆಲ್ಲ ಅರಕೆರೆಯ ಅಡವಿಯಲ್ಲಿತ್ತು. ಅಲ್ಲಿ ಕಲ್ಲಿನ ದುರ್ಗವಿರಲಿಲ್ಲ. ದಟ್ಟವಾದ ಕಾಡಿನೊಳಗೆ ಹಳ್ಳಿ. ಹಳ್ಳಿಯ ಸುತ್ತಲೂ ಅಗಳು, ಬಿದಿರು ಮೆಳೆ, ಮುಳ್ಳಿನ ಬೇಲಿ. ಒಳಗೆ ಹೋಗುವ ಓಣಿಗಳಿಗೆ ಅಡ್ಡಲಾಗಿ ಮರದ ದಿಮ್ಮಿಗಳ ತಡೆ. 1800ರ ಏಪ್ರಿಲ್ ತಿಂಗಳಲ್ಲಿ ಕಂಪೆನಿಯ ದಂಡೊಂದು ಇದರ ಮೇಲೆ ಬಿದ್ದು, ಪೆಟ್ಟು ತಿಂದು ಹಿಂತಿರುಗಿತು. ಅದೇ ತಿಂಗಳ ಕೊನೆಯಲ್ಲಿ ಕರ್ನಲ್ ಮಾಂಟ್ರೆಸರನು ಇನ್ನೂ ದೊಡ್ಡ ಬಲದೊಡನೆ ಬಂದು ಅರಕೆರೆಯನ್ನು ಹಿಡಿದನು. ಆದರೆ ಹಿಡಿದ ನೆಲದಲ್ಲಿ ನಿಲ್ಲುವುದಕ್ಕೆ ಆತನಿಗೆ ಕಾಲವಿರಲಿಲ್ಲ. ಉತ್ತರದ ಬಯಲಿನಲ್ಲಿ ಧೋಂಡಿಯಾ ವಾಘನು ಎದ್ದಿದ್ದನು. ಪಡುವಣದಲ್ಲಿ ಮೋಡವೂ ಎದ್ದಿತು. ದಂಡು ಇಳಿದುಹೋಯಿತು, ನಾಯಕನು ತನ್ನ ಕಾಡಿಗೆ ಮರಳಿ ಬಂದು ಬೇಲಿಗಳನ್ನು ಸರಿಪಡಿಸಿಕೊಂಡನು.

ಆ ವರ್ಷದ ಮಳೆಗಾಲವನ್ನು ವೆಲ್ಲೆಸ್ಲಿಯು ಧೋಂಡಿಯಾನ ಬೆನ್ನಟ್ಟುವುದರಲ್ಲಿ ಕಳೆದನು. ಸೆಪ್ಟೆಂಬರ್ 10ರಂದು ಧೋಂಡಿಯಾ ಹತನಾದನು. ನ್ಯಾಯವಾಗಿ ನೋಡಿದರೆ ಬಂದ ಚಳಿಗಾಲದಲ್ಲಿಯೇ ಬಲಂ ಸೀಮೆಯ ಸರದಿ ಬರಬೇಕಾಗಿತ್ತು. ಆದರೆ ವೆಲ್ಲೆಸ್ಲಿಯನ್ನು ಸಿಂಹಳಕ್ಕೆ ಕಳುಹಿಸಿದರು. ಅಲ್ಲಿಂದ ಆತನು ಮುಂಬಯಿಗೆ ಹೋಗಿ, ಶ್ರೀರಂಗಪಟ್ಟಣಕ್ಕೆ ಮರಳಿದ್ದು 1801ರ ಮೇ ತಿಂಗಳಲ್ಲಿ. ಆ ವೇಳೆಗೆ ಮಲೆಯ ನೆತ್ತಿಯಲ್ಲಿ ಗುಡುಗು ಕೇಳಿಸುವ ಕಾಲ. ಹೀಗೆ ನಾಯಕನಿಗೆ ಒಂದು ಚಳಿಗಾಲವು ಅದೃಷ್ಟದಿಂದಲೂ, ಎರಡು ಮಳೆಗಾಲಗಳು ಸ್ವಭಾವದಿಂದಲೂ ದೊರೆತವು. ಮೂರನೆಯ ಮಳೆಗಾಲವನ್ನು ಆತನು ಕಾಣಲಿಲ್ಲ.

1802ರ ಜನವರಿ ತಿಂಗಳು. ಸಂಕ್ರಾಂತಿ ಆಗತಾನೆ ಕಳೆದಿದ್ದಿತು. ಗದ್ದೆಗಳ ಕೊಯ್ಲು ಮುಗಿದು ನೆಲವು ಗಟ್ಟಿಯಾಗಿ, ಹೇಮಾವತಿಯು ಮೊಣಕಾಲಿಗೆ ಇಳಿಯುವ ಕಾಲ. ಇಂದು ನಾವು ರಜದ ದಿನಗಳನ್ನು ಎಣಿಸಿ ಸಕಲೇಶಪುರಕ್ಕೆ ಹೊರಡುವ ಕಾಲ. ವೆಲ್ಲೆಸ್ಲಿಯು ತಾನೇ ಮುಂದಾಗಿ ಬಂದು, ಕಾಡಿನ ಹೊರಸುತ್ತನ್ನು ನೋಡಿಕೊಂಡು, 16ರಂದು ಮೂರು ಕಡೆಗಳಿಂದ ಏಕಕಾಲದಲ್ಲಿ ಅರಕೆರೆಯ ಮೇಲೆ ಬಿದ್ದನು. ಕಾಡು ಅಂದೇ ಆತನ ವಶವಾಯಿತು. ನಾಯಕನು ಮಾತ್ರ ಸಿಕ್ಕಲಿಲ್ಲ.

ಅಲ್ಲಿಂದ ಮುಂದೆ 24 ದಿನಗಳು. ಈ 24 ದಿನಗಳನ್ನೇ ನಾವು ಮತ್ತೆ ಮತ್ತೆ ನೆನೆಯುತ್ತೇವೆ. ನಾವು ಹಣ ತೆತ್ತು ಅರಸುವ ಏಕಾಂತವು ಆಗ ವೆಂಕಟಾದ್ರಿ ನಾಯಕನಿಗೆ ಬೇಡದೆಯೇ ಬಂದಿದ್ದಿತು. ಮಾಘದ ಮುಂಜಾನೆಯಲ್ಲಿ ಹುಲ್ಲಿನ ಮೇಲೆ ಇಬ್ಬನಿ ಬಿದ್ದಿರುತ್ತದೆ. ನಡೆದವನ ಜಾಡು ಅದರಲ್ಲಿ ಗೆರೆ ಕೊರೆದಂತೆ ಕಾಣುತ್ತದೆ. ಚಳಿಗೆ ಬೆಂಕಿ ಹಾಕಿದರೆ ಹೊಗೆಯು ತಿಳಿಯಾದ ಗಾಳಿಯಲ್ಲಿ ನೆಟ್ಟಗೆ ಏರಿ, ಎದುರುಗುಡ್ಡದವರಿಗೆ ಗುರುತಾಗುತ್ತದೆ. ಬೋಳುಗುಡ್ಡದ ಹುಲ್ಲು ಬಾಡಿ ಹೊಂಬಣ್ಣಕ್ಕೆ ತಿರುಗಿ, ಮೇಲೆ ನಡೆಯುವ ಒಬ್ಬೊಂಟಿ ಮನುಷ್ಯನು ಹರದಾರಿ ದೂರದಿಂದ ಕಾಣಿಸುತ್ತಾನೆ. ತರಗು ತುಳಿದರೆ ಸದ್ದಾಗುತ್ತದೆ. ನೀರು ಹಲವೆಡೆ ಬತ್ತಿರುವುದರಿಂದ, ಉಳಿದ ಹಳ್ಳಗಳನ್ನು ಕಾದು ಕುಳಿತರೆ ಸಾಕು, ಮೃಗವಾಗಲಿ ಮನುಷ್ಯನಾಗಲಿ ಅಲ್ಲಿಗೇ ಬರಬೇಕು. ಮಳೆಯು ಮುಚ್ಚಿಡುತ್ತಿದ್ದುದನ್ನೆಲ್ಲ ಈ ಋತುವು ತೆರೆದು ತೋರಿಸುತ್ತದೆ. ಫೆಬ್ರವರಿ 9ರಂದು ನಾಯಕನು ಸೆರೆಸಿಕ್ಕಿದನು. ಮರುದಿನವೇ ಆತನನ್ನೂ ಆತನ ಕೆಲವು ಅನುಚರರನ್ನೂ ಗಲ್ಲಿಗೇರಿಸಿದರು. ವಿಚಾರಣೆಗೆಂದು ಒಂದು ವಾರವನ್ನಾದರೂ ಕೊಡಬೇಕೆಂದು ಯಾರಿಗೂ ತೋರಲಿಲ್ಲ. ಹತ್ತು ವರ್ಷಗಳ ಹಿಂದೆ ತಂದೆಯು ಯಾರ ಪಕ್ಷವನ್ನು ಸೇರಿ ಸುಲ್ತಾನನ ಮುನಿಸಿಗೆ ಗುರಿಯಾಗಿದ್ದನೋ ಅವರೇ ಮಗನಿಗೆ ಉರುಳು ಹಾಕಿದರು. ಕೊಲ್ಲಬಹುದಾಗಿದ್ದ ಸುಲ್ತಾನನು ತಂದೆಯನ್ನು ಕರೆದು ಸೀಮೆ ಕೊಟ್ಟಿದ್ದನೆಂಬುದನ್ನೂ ಇಲ್ಲಿ ಮರೆಯಲಾಗದು.

ನಾಯಕನನ್ನು ದೇಶಭಕ್ತರ ಪಂಕ್ತಿಯಲ್ಲಿ ಕೂರಿಸುವುದಕ್ಕೆ ಕೆಲವರು ಆತುರಪಡುತ್ತಾರೆ. ನಮಗೆ ಅಷ್ಟು ಆತುರವಿಲ್ಲ. ಆತನು ಕಾದಿದ್ದು ಭರತಖಂಡಕ್ಕಾಗಿ ಅಲ್ಲ, ತನ್ನ ಕೆಲವು ನಾಡುಗಳಿಗಾಗಿ; ಪಾಳೆಯಗಾರರ ಆಳಿಕೆ ಪ್ರಜೆಗಳ ಆಳಿಕೆಯೂ ಆಗಿರಲಿಲ್ಲ. ಆದರೆ ಪರರ ಸೈನ್ಯಕ್ಕೆ ಮೈಸೂರು ದೇಶವೆಲ್ಲ ತಲೆಬಾಗಿದ್ದಾಗ ತಲೆಬಾಗದೆ ನಿಂತ ಒಂದು ಹಿಡಿ ಜನರು ಈ ಕಾಡಿನಲ್ಲಿದ್ದರೆಂಬುದು ನಿಜ. ಅಷ್ಟನ್ನು ಹೇಳುವುದಕ್ಕೆ ಹಿಂದೆಮುಂದೆ ನೋಡಬೇಕಾಗಿಲ್ಲ.

ನಾಯಕನನ್ನು ಕೊಂದಮೇಲೂ ವೆಲ್ಲೆಸ್ಲಿಗೆ ಸಮಾಧಾನವಾಗಲಿಲ್ಲ. ಆತನ ನಿಜವಾದ ವೈರಿಯು ಕಾಡೇ ಆಗಿದ್ದಿತು. ಹಳ್ಳಿಗಳ ಬೇಲಿಗಳನ್ನು ಕಡಿಸಿ, ಅಗಳುಗಳನ್ನು ಹಾಳುಗೆಡಿಸಿ, ಜನರ ಆಯುಧಗಳನ್ನು ಕಿತ್ತುಕೊಂಡು, ಅಡವಿಯನ್ನು ಸೀಳಿ ದಾರಿಗಳನ್ನು ಮಾಡಿಸಿದನು. ದಾರಿಯಾದ ಮೇಲೆ ಬರುವವರಿಗೇನು ಕೊರತೆ? 1840ರ ದಶಕದಿಂದೀಚೆಗೆ ಯೂರೋಪಿಯನ್ ತೋಟಗಾರರು ಮಂಜರಾಬಾದಿಗೆ ಬಂದು ಕಾಫಿಗಾಗಿ ಕಾಡನ್ನು ಸವರತೊಡಗಿದರು. ಅವರ ಹಿಂದೆ ನಮ್ಮವರೂ ನಡೆದರು. ಮಾರ್ಚಿ ಏಪ್ರಿಲ್ ತಿಂಗಳ ಹೂಮಳೆಯಾದ ಹತ್ತು ದಿನಕ್ಕೆ ಈ ತೋಟಗಳು ಬೆಳ್ಳಗೆ ಅರಳಿ, ಮಲ್ಲಿಗೆಯ ಕಂಪನ್ನು ಸೂಸುವಾಗ ಅವು ಒಂದು ಕಾಲಕ್ಕೆ ಯಾರ ಕೋಟೆಯಾಗಿದ್ದುವೆಂಬ ನೆನಪು ಯಾರಿಗೂ ಬಾರದು. ಆದರೆ ಆನೆಗಳು ಮರೆತಂತಿಲ್ಲ. ಆಲೂರು ಸಕಲೇಶಪುರಗಳ ತೋಟಗಳಲ್ಲಿ ಆನೆಗೂ ಮನುಷ್ಯನಿಗೂ ನಡೆಯುತ್ತಿರುವ ಹೋರಾಟದಲ್ಲಿ ಎರಡು ಕಡೆಗಳಲ್ಲಿಯೂ ಸಾವುಗಳಾಗಿವೆ. ಎಂಟು ವರ್ಷ ಮೈಸೂರು ದಸರೆಯ ಅಂಬಾರಿಯನ್ನು ಹೊತ್ತ ಅರ್ಜುನನೆಂಬ ಆನೆಯು, 2023ರ ಡಿಸೆಂಬರ್ 4ರಂದು, ಯಸಳೂರಿನ ಕಾಡಿನಲ್ಲಿ ಕಾಡಾನೆಯನ್ನು ಹಿಡಿಯುವ ಕಾರ್ಯದಲ್ಲಿ ತೊಡಗಿದ್ದಾಗ ಅದರೊಡನೆ ಹೋರಾಡಿ ಮಡಿಯಿತು. ಅದೂ ಇದೇ ಒಣಗಾಲವೇ ಎಂಬುದನ್ನು ವಾಚಕರು ಗಮನಿಸಬೇಕು.

ಕಳೆದ ಕೆಲವು ವರ್ಷಗಳಿಂದ ನಾವು ಮಂಜರಾಬಾದಿನ ಕೋಟೆಯನ್ನು ಆಶ್ಲೇಷೆ ಮಳೆಯಲ್ಲಿ ಏರುವ ಅಭ್ಯಾಸವನ್ನು ಇಟ್ಟುಕೊಂಡಿದ್ದೇವೆ. ಎಲ್ಲರೂ ಹೀಗೆ ಮಾಡಬೇಕೆಂದು ಹೇಳುವುದಿಲ್ಲ; ಶಿರಾಡಿ ಘಟ್ಟದಲ್ಲಿ 2018ರಲ್ಲಿಯೂ 2024ರಲ್ಲಿಯೂ ಗುಡ್ಡ ಕುಸಿದು ಹೆದ್ದಾರಿಯೇ ಮುಚ್ಚಿದ್ದಿತು, ಅಂಥ ವರ್ಷಗಳಲ್ಲಿ ಮನೆಯಲ್ಲಿರುವುದೇ ಲೇಸು. ಮೆಟ್ಟಿಲುಗಳು ಜಾರುತ್ತವೆ. ಇಂಬಳಗಳು ತಮ್ಮ ಪಾಲನ್ನು ಬಿಡದೆ ವಸೂಲು ಮಾಡುತ್ತವೆ. ಚಳಿಗಾಲದಲ್ಲಿ ಇಲ್ಲಿ ಜನರ ಸಂತೆ ನೆರೆದಿರುತ್ತದೆ. ಆಶ್ಲೇಷೆಯಲ್ಲಿ ಕಾವಲುಗಾರನೂ ಛತ್ರಿಯ ಮರೆಯಿಂದ ಹೊರಗೆ ಬರುವುದಿಲ್ಲ. ಹೋದಬಾರಿ ನಾವು ಗೋಡೆಯ ಮೇಲೆ ನಿಂತಾಗ ಕೋಟೆಯ ಎಂಟು ಮೂಲೆಗಳಲ್ಲಿ ಎರಡು ಮಾತ್ರ ಕಾಣುತ್ತಿದ್ದುವು. ಸ್ವಲ್ಪ ಹೊತ್ತಿನಲ್ಲಿ ಅವೂ ಮಂಜಿನಲ್ಲಿ ಅಡಗಿದುವು. ಐಗೂರಿನ ದಿಕ್ಕಿಗೆ ತಿರುಗಿ ಬಹಳ ಹೊತ್ತು ನೋಡಿದೆವು. ಅಲ್ಲಿ ಗುಡ್ಡಗಳಿವೆಯೆಂದಾಗಲಿ, ಕಾಡಿದೆಯೆಂದಾಗಲಿ, ಅದರೊಳಗೆ ಮನುಷ್ಯರಿದ್ದಾರೆಂದಾಗಲಿ ಯಾವನೂ ಹೇಳಬಲ್ಲವನಾಗಿರಲಿಲ್ಲ.