ಬಿರುಕನ್ನು ಓದಿದ ಅಧಿಕಾರಿ

ಅಡುಗೆಮನೆಯ ಹೊಳೆಯುವ ಟೈಲ್ಸ್ ಮೇಲೆ ಒರಳಿನ ಗುಂಡು ಜಾರಿ ಬಿದ್ದರೆ ಚಿಪ್ಪಿನಾಕಾರದ ಚಕ್ಕೆಯೊಂದು ಹಾರುತ್ತದೆ. ಕೆಳಗಿನ ಗಾರೆ ಮೆದುವಾಗಿದ್ದರೆ ಟೈಲ್ಸ್ ಬಾಗಿ, ಬಿರುಕು ಅಡಿಯಿಂದಲೇ ಏಳುವುದೂ ಉಂಟು. ಪೆಡಸಾದ ಪದಾರ್ಥ ಒತ್ತಡವನ್ನು ತಾಳುತ್ತದೆ, ಎಳೆತವನ್ನು ತಾಳದು. ಪೆಟ್ಟು ತಗುಲಿದ ಜಾಗದ ಅಂಚಿನಲ್ಲಿ ಎಳೆತ ಹುಟ್ಟುವುದರಿಂದ ಬಿರುಕು ಶಂಕುವಿನಂತೆ ಒಳಗಿಳಿಯುತ್ತದೆ. ನಮಗೆ ನಷ್ಟವಷ್ಟೇ ಆಗಿ ಕಾಣುವ ಇಂಥ ಒಡಕನ್ನು ಸಾಕ್ಷ್ಯವೆಂದು ಓದಿದವರು ರಾಬರ್ಟ್ ಬ್ರೂಸ್ ಫೂಟ್. ಕಲಾದಗಿಯ ಹೆಸರನ್ನು ಭೂವಿಜ್ಞಾನದ ಗ್ರಂಥಗಳಿಗೆ ಸೇರಿಸಿದವರೂ ಅವರೇ.

1834ರಲ್ಲಿ ಇಂಗ್ಲೆಂಡಿನಲ್ಲಿ ಜನಿಸಿದ ಫೂಟ್, 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯನ್ನು ಸೇರಿದರು. 1863ರ ಮೇ 30ರಂದು ಮದ್ರಾಸಿನ ಬಳಿಯ ಪಲ್ಲಾವರಂನಲ್ಲಿ ಅವರಿಗೆ ಒಡೆದ ಕಲ್ಲೊಂದು ದೊರೆಯಿತು. ಅದನ್ನು ಒಡೆದದ್ದು ಪ್ರಕೃತಿಯೋ, ಮನುಷ್ಯನೋ? ಪ್ರವಾಹಕ್ಕೆ ಸಿಕ್ಕ ಕಲ್ಲು ಅಡ್ಡಾದಿಡ್ಡಿಯಾಗಿ ಮುಕ್ಕಾಗುತ್ತದೆ. ಉದ್ದೇಶವುಳ್ಳ ಕೈ ಒಡೆದ ಕಲ್ಲಿನಲ್ಲಿ ಚಕ್ಕೆಯ ಗುರುತುಗಳು ಒಂದರ ಪಕ್ಕ ಒಂದು ಕ್ರಮವಾಗಿ ಕೂಡಿ ಅಂಚನ್ನು ರೂಪಿಸುತ್ತವೆ. ಅದು ಆದಿಮಾನವನ ಕೈಗೊಡಲಿಯೆಂದು ಫೂಟ್ ನಿರ್ಧರಿಸಿದರು. ಎರಡು ಘನವಸ್ತುಗಳು ತಾಗಿದಾಗ ಒತ್ತಡ ಹೇಗೆ ಹರಡುತ್ತದೆಂಬುದನ್ನು ಜರ್ಮನಿಯ ಹೈನ್ರಿಚ್ ಹರ್ಟ್ಸ್ ಗಣಿತದಲ್ಲಿ ತೋರಿಸಿದ್ದು 1881ರಲ್ಲಿ. ಅಂದರೆ ಹದಿನೆಂಟು ವರ್ಷಗಳ ಅನಂತರ.

ಮುಂದೆ ಅವರ ಸರ್ವೇಕ್ಷಣೆ ದಕ್ಷಿಣ ಮರಾಠಾ ಸೀಮೆಗೆ ಬಂತು. ಬಾಗಲಕೋಟೆ, ಬಾದಾಮಿಗಳ ಸುತ್ತಲಿನ ಬೆಣಚುಶಿಲೆ, ಜೇಡುಶಿಲೆ, ಸುಣ್ಣಶಿಲೆಗಳ ಪದರಗಳನ್ನು ಅಳೆದು, ಆಗ ಜಿಲ್ಲಾಕೇಂದ್ರವಾಗಿದ್ದ ಊರಿನ ಹೆಸರಿನಲ್ಲಿ ಅವುಗಳನ್ನು ಕಲಾದಗಿ ಶ್ರೇಣಿಯೆಂದು ಕರೆದರು. ಆ ವರದಿ 1876ರಲ್ಲಿ ಪ್ರಕಟವಾಯಿತು. ಇದೇ ಗಡಸು ಬೆಣಚುಶಿಲೆಯ ಉಂಡೆಗಳು ಮಲಪ್ರಭೆಯ ದಂಡೆಯಲ್ಲಿ ಆದಿಮಾನವನಿಗೆ ಕಚ್ಚಾಸಾಮಗ್ರಿಯಾಗಿದ್ದವು. ಅಲ್ಲಿನ ಶಿಲಾಯುಧಗಳನ್ನೂ ಫೂಟ್ ದಾಖಲಿಸಿದರು. ಆ ಕಣಿವೆಯ ಕುರಿತ ಆರ್.ವಿ. ಜೋಶಿಯವರ ವಿಸ್ತೃತ ಅಧ್ಯಯನ 1955ರಲ್ಲಿ ಹೊರಬಂದಿತು.

ಆಯುಧ ಹುಡುಕುವುದು ಫೂಟ್ ಅವರ ನೌಕರಿಯ ಕರ್ತವ್ಯವಾಗಿರಲಿಲ್ಲ. ಆದರೂ ಕರ್ತವ್ಯದ ದಾರಿಯಲ್ಲಿ ಕಂಡದ್ದನ್ನು ಅವರು ಬಿಡಲಿಲ್ಲ. 1891ರಲ್ಲಿ ನಿವೃತ್ತರಾದ ಮೇಲೆ, 1894ರಲ್ಲಿ ಆರಂಭವಾದ ಮೈಸೂರು ಭೂವಿಜ್ಞಾನ ಇಲಾಖೆಯನ್ನು ಕಟ್ಟಿದರು. 1904ರಲ್ಲಿ ಅವರ ಸಂಗ್ರಹ ಮದ್ರಾಸ್ ವಸ್ತುಸಂಗ್ರಹಾಲಯವನ್ನು ಸೇರಿತು. 1912ರಲ್ಲಿ ಅವರು ತೀರಿಕೊಂಡರು. ಸಂಗ್ರಹದ ವಿವರಣಾತ್ಮಕ ಪಟ್ಟಿ ಅಚ್ಚಾದುದು 1914ರಲ್ಲಿ.

ಸರ್ಕಾರಿ ವರದಿಗಳ ಆಯುಷ್ಯ ಎಷ್ಟೆಂಬುದನ್ನು ಸೇವೆಯಲ್ಲಿದ್ದು ಬಲ್ಲವನು ನಾನು. ಫೂಟ್ ಅವರ ಬರಹ ಇಂದಿಗೂ ಬಳಕೆಯಲ್ಲಿರಲು ಕಾರಣ, ಯಾವ ಕಲ್ಲು ಎಲ್ಲಿ ಸಿಕ್ಕಿತೆಂದು ಬರೆದಿಟ್ಟ ಶಿಸ್ತು. ನೆಲೆ ಕಳೆದುಕೊಂಡ ಶಿಲಾಯುಧ ಅರ್ಧ ಮೂಕವಾಗುತ್ತದೆ. ದಂಡೆಯ ಜಲ್ಲಿಯೊಡನೆ ಲಾರಿಗೇರಿದರೆ ಪೂರ್ಣ ಮೂಕ. ಜಲ್ಲಿ, ಮರಳು ತೆಗೆಯುವ ಪರವಾನಗಿಗೆ ಸಹಿ ಹಾಕುವ ಅಧಿಕಾರಿ ಮೊದಲು ಆ ದಂಡೆಗೆ ಹೋಗಿ, ಒಮ್ಮೆ ಬಗ್ಗಿ ನೋಡಬೇಕು. ಫೂಟ್ ಮಾಡಿದ್ದೂ ಅಷ್ಟನ್ನೇ.